ಓಶುನ್ ನದಿಯ ದಡದಲ್ಲಿ 'ಅಶೆ'

ಲಾಗೋಸ್‌ನಿಂದ ಇಬಾದಾನ್ ದಾಟಿ ಓಶೋಗ್ಬೋ ತಲುಪುವಷ್ಟರಲ್ಲಿ ಮಧ್ಯಾಹ್ನ. ನೈಜೀರಿಯಾದ ರಸ್ತೆಗಳ ಬಗ್ಗೆ ಬರೆಯುವುದಿಲ್ಲ ಬಿಡಿ, ಅದೇ ಒಂದು ಲೇಖನ ಆಗುತ್ತದೆ.

ನಾವು ಹೋಗಿದ್ದು ಇಲ್ಲಿನ ಯೊರುಬಾ ಜನರ ನದಿದೇವತೆ ಓಶುನ್ ದೇವಿಯ ಕಾಡಿಗೆ. ಸುಮಾರು 75 ಹೆಕ್ಟೇರ್, 2005ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಇಲ್ಲಿ ಮರ ಕಡಿಯುವಂತಿಲ್ಲ, ಬೇಟೆಯಾಡುವಂತಿಲ್ಲ, ಮೀನೂ ಹಿಡಿಯುವಂತಿಲ್ಲ. ಮಂಗಗಳಿಗೆ ಇದು ಚೆನ್ನಾಗಿ ಗೊತ್ತು, ಸೀದಾ ಕೈಲಿದ್ದ ಬಾಳೆಹಣ್ಣಿಗೇ ಬಂದವು. ಮರಗಳ ನಡುವೆ ಎದ್ದು ನಿಂತಿರುವ ದೊಡ್ಡ ದೊಡ್ಡ ಶಿಲ್ಪಗಳಲ್ಲಿ ಬಹಳಷ್ಟು, ಆಸ್ಟ್ರಿಯಾದಿಂದ ಬಂದು ಇಲ್ಲೇ ದೀಕ್ಷೆ ಪಡೆದು 2009ರಲ್ಲಿ ಇಲ್ಲೇ ತೀರಿಕೊಂಡ ಸುಸಾನ್ ವೆಂಗರ್ ಸ್ಥಳೀಯ ಕಲಾವಿದರ ಜೊತೆ ಸೇರಿ ಮಾಡಿದ್ದು.

ನದಿ ದಡದಲ್ಲಿ ಬಿಳಿ ಬಟ್ಟೆಯ ಅರ್ಚಕಿಯೊಬ್ಬರು ಮಂಡಿಯೂರಿದ್ದ ಹೆಂಗಸಿಗಾಗಿ ಬೇಡಿಕೊಳ್ಳುತ್ತಿದ್ದರು. ಒಂದೊಂದು ಸಾಲು ಮುಗಿದಾಗಲೂ ಸುತ್ತ ನಿಂತವರು 'ಅಶೆ' ಎಂದು ದನಿಗೂಡಿಸುತ್ತಿದ್ದರು, ನಮ್ಮಲ್ಲಿ ತಥಾಸ್ತು ಅನ್ನುವ ಹಾಗೆ. ಸುಮ್ನೆ ಅನ್ನುವುದಲ್ಲ ಅದು. ಯೊರುಬಾ ಜನರ ನಂಬಿಕೆಯಲ್ಲಿ ಓಲೋಡುಮಾರೆ ಎಂಬ ಪರಮ ದೈವ ದೇವತೆಗಳಿಗೆ, ಮನುಷ್ಯರಿಗೆ, ಗಿಡಕ್ಕೆ, ಕಲ್ಲಿಗೆ, ನದಿಗೆ, ಕೊನೆಗೆ ಆಡಿದ ಮಾತಿಗೂ ಅಶೆ ಕೊಟ್ಟಿದ್ದಾನೆ. ಅಂದುಕೊಂಡದ್ದನ್ನು ಆಗಿಸುವ ಬಲ ಅದು. ಹರಸುವುದಕ್ಕೂ ಅದೇ, ಶಪಿಸುವುದಕ್ಕೂ ಅದೇ.

ಕಾಂಗೋದಲ್ಲಿದ್ದ ಬೆಲ್ಜಿಯಂ ಪಾದ್ರಿ ಪ್ಲಾಸೀಡ್ ಟೆಂಪೆಲ್ಸ್ 1945ರಲ್ಲಿ ಬಾಂಟು ಜನರ (ಮಧ್ಯ, ಪೂರ್ವ, ದಕ್ಷಿಣ ಆಫ್ರಿಕಾದ ಬಾಂಟು ಭಾಷೆಗಳನ್ನಾಡುವ ನೂರಾರು ಸಮುದಾಯಗಳ) ಬಗ್ಗೆ ಇದಕ್ಕೆ ಹತ್ತಿರದ್ದನ್ನೇ ಬರೆದಿದ್ದರು. ಇರುವುದೆಲ್ಲ ಬಲವೇ, ಅದು ಹೆಚ್ಚುತ್ತದೆ, ಕುಗ್ಗುತ್ತದೆ, ಕಾಯಿಲೆ ಅಂದರೆ ಬಲ ಕುಗ್ಗಿದೆ ಅಂತ. ಆದರೆ ಕಾಂಗೋದ ಲೂಬಾ ಎಂಬ ಒಂದೇ ಬಾಂಟು ಸಮುದಾಯದ ನಡುವೆ ಕಂಡದ್ದನ್ನು ಅಷ್ಟೂ ಬಾಂಟು ಜನರಿಗೆ ಅಂಟಿಸಿದ್ದು ಸ್ವಲ್ಪ ಜಾಸ್ತಿಯೇ ಆಯಿತು. ಆಫ್ರಿಕಾದ ಚಿಂತಕರೇ ಮುಂದೆ ಅವರನ್ನು ತರಾಟೆಗೆ ತೆಗೆದುಕೊಂಡರು. ಯೊರುಬಾದವರಂತೂ ಬಾಂಟು ಗುಂಪಿಗೆ ಸೇರಿದವರೇ ಅಲ್ಲ.

ಆದರೂ ಆ ಕುಗ್ಗುವ ಬಲದ ಮಾತು ನೆನಪಾಗಿದ್ದು ನೀರು ನೋಡಿದಾಗ. ಕೆಸರು ಕದಡಿದಂಥ ಕಂದು ಬಣ್ಣ. ಮೇಲ್ದಂಡೆಯಲ್ಲಿ ಚಿನ್ನದ ಗಣಿಗಾರಿಕೆ ನಡೆಯುತ್ತದೆ, ಈ ನೀರು ಕುಡಿಯಬೇಡಿ ಎಂದು ಸರ್ಕಾರವೇ ಎಚ್ಚರಿಸಿದೆ. ಅರ್ಚಕಿಯ ಮುಂದಿದ್ದ ಹೆಂಗಸು ಬೊಗಸೆ ತುಂಬ ಕುಡಿದು, ಉಳಿದದ್ದನ್ನು ಹಳದಿ ಕ್ಯಾನಿಗೆ ತುಂಬಿಸಿಕೊಂಡಳು. ಮಗುವಿಗಾಗಿ ಹರಕೆಯಂತೆ.

"ಮನುಷ್ಯರ ಬಲ ಕುಗ್ಗುತ್ತದೆ ಅನ್ನುವುದಾದರೆ ನದಿಯದ್ದೂ ಕುಗ್ಗಬೇಕಲ್ವಾ?" ಎಂದು ಗೈಡ್‌ನನ್ನು ಕೇಳಿದೆ.

"ಅದನ್ನು ನನ್ನನ್ನಲ್ಲ, ಗಣಿಯವರನ್ನು ಕೇಳಿ," ಎಂದವನೇ ಮುಂದಿನ ಗುಡಿ ತೋರಿಸಲು ನಡೆದ.