‘ಅದು ಯಾವಾಗ್ಲೂ ಬರುತ್ತೆ ಸರ್’

ಒಂದು ಹೈಸ್ಕೂಲಿನ ಕಂಪ್ಯೂಟರ್ ಲ್ಯಾಬ್. 18 ಡೆಸ್ಕ್‌ಟಾಪ್, ಎಲ್ಲವೂ ಒಂದೇ ಲಾಟಿನವು: ಪೆಂಟಿಯಂ ಡ್ಯುಯಲ್ ಕೋರ್, 2 ಜಿಬಿ ಡಿಡಿಆರ್2, ವಿಂಡೋಸ್ 7. ವಿಂಡೋಸಿನ ಪಾಸ್‌ವರ್ಡ್ ವರ್ಗವಾಗಿ ಹೋದ ಮೇಷ್ಟ್ರ ಜೊತೆಗೇ ಹೋಗಿತ್ತು. ಡಿಸ್ಕ್ ಅಳಿಸೋಣ ಅಂದರೆ ಅದರೊಳಗಿನ ಪಾಠದ ಸಾಫ್ಟ್‌ವೇರ್ ಸ್ಟಾಕ್ ರಿಜಿಸ್ಟರ್‌ನಲ್ಲಿದೆ, ಮುಟ್ಟುವಂತಿಲ್ಲ. ಹಾಗಾಗಿ 8 ಜಿಬಿ ಪೆನ್‌ಡ್ರೈವ್‌ಗಳಲ್ಲಿ ಫೊಸ್ಸಾಪಪ್64 (ಹಳೆ ಯಂತ್ರಗಳಲ್ಲೂ ಓಡುವ ಪುಟ್ಟ ಆಪರೇಟಿಂಗ್ ಸಿಸ್ಟಮ್ ಪಪ್ಪಿ ಲಿನಕ್ಸಿನ 64 ಬಿಟ್ ಆವೃತ್ತಿ) ಹಾಕಿ, ಹಿಂದಿನ ಪೋರ್ಟಿಗೆ ಸಿಕ್ಕಿಸಿ, ಬಯಾಸ್‌ನ (ಯಂತ್ರ ಆನ್ ಆದೊಡನೆ ಮೊದಲು ಓಡುವ ಮದರ್‌ಬೋರ್ಡಿನ ಪ್ರೋಗ್ರಾಂ) ಬೂಟ್ ಆರ್ಡರ್‌ನಲ್ಲಿ, ಅಂದರೆ ಯಾವುದರಿಂದ ಶುರುವಾಗಬೇಕು ಎಂಬ ಪಟ್ಟಿಯಲ್ಲಿ, ಯುಎಸ್‌ಬಿಯನ್ನು ಮೇಲಕ್ಕೆ ತಂದು, ಸೇವ್ ಮಾಡಲು ಎಫ್10 ಒತ್ತಿದ್ದಾಯಿತು. ಸಂಜೆ ಆರಕ್ಕೆ ಹದಿನೆಂಟೂ ಪರದೆಗಳಲ್ಲಿ ಪಪ್ಪಿ. ಫೋಟೋ ತೆಗೆದು ಗ್ರೂಪಿಗೂ ಹಾಕಿದ್ದಾಯಿತು.

ಮರುದಿನ ಹತ್ತೂವರೆಗೆ ಉದ್ಘಾಟನೆ. ಹತ್ತೂಕಾಲಿಗೆ ಯಂತ್ರ ಆನ್ ಮಾಡಿದರೆ ಏಳರಲ್ಲಿ ಪಪ್ಪಿ, ಹನ್ನೊಂದರಲ್ಲಿ ವಿಂಡೋಸ್ 7ರ ಲಾಗಿನ್. ಕಂಪ್ಯೂಟರ್ ಮೇಡಂ ಕೇಳಿದ್ದು ಒಂದೇ ಮಾತು: “ಸರ್, ಹಳೇದೇ ಬಂತಲ್ಲ?”

ಇಲ್ಲಿ ನಮ್ಮ ಎಣಿಕೆ ಪೂರ್ತಿ ತಪ್ಪಿತು. ಏಳು ಓಡುತ್ತಿವೆ, ಹನ್ನೊಂದು ಓಡುತ್ತಿಲ್ಲ, ಅಂದರೆ ಪೆನ್‌ಡ್ರೈವ್‌ಗಳೇ ಡೂಪ್ಲಿಕೇಟ್ ಮಾಲು ಎಂದು ತೀರ್ಮಾನಿಸಿ ಎರಡನ್ನು ಲ್ಯಾಪ್‌ಟಾಪಿಗೆ ಹಾಕಿ ಮತ್ತೆ ಬರೆಯಲು ಕೂತೆವು. ಒಂದಕ್ಕೆ ನಾಲ್ಕೈದು ನಿಮಿಷ. ಹೊರಗೆ ಸ್ವಾಗತ ಗೀತೆ ಶುರುವಾಗಿತ್ತು. ಹೊಸದಾಗಿ ಬರೆದದ್ದನ್ನು ಹಾಕಿದರೂ ವಿಂಡೋಸ್. ಓಡುತ್ತಿದ್ದ ಯಂತ್ರದ ಡ್ರೈವ್ ಕಿತ್ತು ತಂದು ಹಾಕಿದರೂ ವಿಂಡೋಸ್. ಮೊದಲೇ ಮಾಡಬೇಕಿದ್ದ ಈ ಅದಲುಬದಲು ಹತ್ತು ನಿಮಿಷ ಕಳೆದ ಮೇಲೆ ಹೊಳೆಯಿತು. ಆಮೇಲೆ ಒಂದು ಯಂತ್ರವನ್ನು ಆಫ್ ಮಾಡಿ, ಕೈಕಟ್ಟಿ ನಿಂತು, ಮೊದಲಿಂದ ನೋಡಿದರೆ ಕಪ್ಪು ಪರದೆಯ ಮೇಲೆ ಸೀಮಾಸ್ (ಬಯಾಸ್ ಸೆಟ್ಟಿಂಗ್ ಕೂತಿರುವ ಮೆಮೊರಿ) ಚೆಕ್‌ಸಮ್ ಸರಿಯಿಲ್ಲ, ಎಫ್1 ಒತ್ತಿ ಎಂಬ ಸಾಲು. ಅದನ್ನು ಓದಿ ಮುಗಿಸುವ ಮೊದಲೇ ಪಕ್ಕದಲ್ಲಿದ್ದ ಹುಡುಗ ಕೈ ಚಾಚಿ ಎಫ್1 ಒತ್ತಿಬಿಟ್ಟ. “ಅದು ಯಾವಾಗ್ಲೂ ಬರುತ್ತೆ ಸರ್.”

ವರ್ಷಗಳಿಂದ ಬರುತ್ತಿತ್ತು, ವರ್ಷಗಳಿಂದ ಒತ್ತುತ್ತಿದ್ದರು. ಬೆಳಿಗ್ಗೆ ಯಂತ್ರಗಳನ್ನು ಆನ್ ಮಾಡಿದ್ದೂ ಮಕ್ಕಳೇ, ಹಾಗಾಗಿ ಆ ಸಾಲು ನಮ್ಮ ಕಣ್ಣಿಗೆ ಬಿದ್ದೇ ಇರಲಿಲ್ಲ. ರಾತ್ರಿ ಲ್ಯಾಬಿನ ಮೇನ್ ಸ್ವಿಚ್ ಆಫ್ ಮಾಡುವುದು ಅಟೆಂಡರ್ ಕೆಲಸ, ಅವರು ಸರಿಯಾಗಿಯೇ ಮಾಡಿದ್ದರು. ಪ್ಲಗ್‌ನಲ್ಲಿ ಕರೆಂಟ್ ಇರುವವರೆಗೆ ಎಸ್‌ಎಂಪಿಎಸ್‌ನ (ಯಂತ್ರದೊಳಗಿನ ಪವರ್ ಸಪ್ಲೈ) 5 ವೋಲ್ಟ್ ಸ್ಟ್ಯಾಂಡ್‌ಬೈ ಬಯಾಸ್ ಸೆಟ್ಟಿಂಗನ್ನು ಹಿಡಿದಿಟ್ಟಿರುತ್ತದೆ. ಮೇನ್ ಆಫ್ ಆದರೆ ಮದರ್‌ಬೋರ್ಡಿನ ಸಿಆರ್2032 ಶೆಲ್ (ನಾಣ್ಯದಂಥ ಪುಟ್ಟ ಬ್ಯಾಟರಿ) ಒಂದೇ ಗತಿ. ಅದು ಸತ್ತಿದ್ದರೆ ಬೆಳಿಗ್ಗೆ ಎಲ್ಲವೂ ಡಿಫಾಲ್ಟ್, ಬೂಟ್ ಆರ್ಡರ್‌ನಲ್ಲಿ ಹಾರ್ಡ್ ಡಿಸ್ಕ್ ಮೇಲೆ. ನಮ್ಮ ವರ್ಕ್‌ಶಾಪ್‌ನಲ್ಲಿ ಪ್ಲಗ್ ಕೀಳುವವರೇ ಇಲ್ಲ, ಅದಕ್ಕೆ ಈ ಕಾಯಿಲೆ ಅಲ್ಲಿ ಕಾಣಿಸಿಕೊಂಡೇ ಇಲ್ಲ. ಆಫೀಸಿನ ಡಿಪ್ಲಾಯ್‌ಮೆಂಟ್ ಚೆಕ್‌ಲಿಸ್ಟ್‌ನಲ್ಲಿ 32 ಸಾಲುಗಳಿವೆ. ಸ್ಟಿಕ್ಕರ್ ಅಂಟಿಸಿ ಫೋಟೋ ತೆಗೆಯಲು ಮೂರು ಸಾಲು, ಶೆಲ್‌ಗೆ ಒಂದೂ ಇಲ್ಲ.

ಈಗ ಮಾಡುವ ಕ್ರಮ ಇದು. ಕ್ಯಾಬಿನೆಟ್ ತೆರೆದಾಗ ಮೊದಲ ಕೆಲಸ, ಮಲ್ಟಿಮೀಟರಿನಲ್ಲಿ ಶೆಲ್ ನೋಡುವುದು. 3 ವೋಲ್ಟಿನ ಆಸುಪಾಸು ಇರಬೇಕು, 2.8ಕ್ಕಿಂತ ಇಳಿದಿದ್ದರೆ ಚರ್ಚೆ ಬೇಡ, ಬದಲಾಯಿಸಿ. ಆಮೇಲೆ ಸೆಟ್ಟಿಂಗ್ ಮಾಡಿ, ಪವರ್ ಕೇಬಲ್ ಕಿತ್ತು, ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ. ಐದು ನಿಮಿಷ ಕಿತ್ತಿಟ್ಟರೆ ಸಾಲದು. ಶೆಲ್ ಸತ್ತ ಯಂತ್ರದಲ್ಲಿ ತಾರೀಕೂ ಹಿಂದಕ್ಕೆ ಹೋಗಿರುತ್ತದೆ. ಆಗ ಬ್ರೌಸರ್ ಪ್ರತಿ ವೆಬ್‌ಸೈಟಿಗೂ ಸರ್ಟಿಫಿಕೇಟ್ ತಪ್ಪು ಎನ್ನುತ್ತದೆ, ಬಳಸುವವರು ‘ನೆಟ್ ಇಲ್ಲ’ ಎಂದು ಫೋನ್ ಮಾಡುತ್ತಾರೆ. ಫೋನಿನಲ್ಲಿ ಮೊದಲು ಕೇಳಬೇಕಾದದ್ದು ಕೇಬಲ್ ಬಗ್ಗೆ ಅಲ್ಲ, ಪರದೆಯ ಮೂಲೆಯ ಗಡಿಯಾರದ ಬಗ್ಗೆ.

ಶೆಲ್ ಹೊಸದಾದರೂ ಅದನ್ನೇ ನಂಬಿ ಕೂರುವಂತಿಲ್ಲ. ಡಿಫಾಲ್ಟ್‌ಗೆ ಹೋದ ಬಯಾಸ್ ಹೇಗೂ ಹಾರ್ಡ್ ಡಿಸ್ಕನ್ನೇ ಹುಡುಕುತ್ತದೆ, ಹಾಗಾದರೆ ಪಪ್ಪಿಯನ್ನು ಅಲ್ಲೇ ಇಟ್ಟರಾಯಿತು. ಇದು ಫ್ರೂಗಲ್ ಇನ್‌ಸ್ಟಾಲ್. ಪಾರ್ಟಿಷನ್ ಒಡೆಯುವುದಿಲ್ಲ, ವಿಂಡೋಸ್ ಇದ್ದಲ್ಲೇ ಇರುತ್ತದೆ, ಸಿ ಡ್ರೈವ್‌ನಲ್ಲಿ ‘ಫೊಸ್ಸಾ’ ಎಂಬ ಒಂದು ಫೋಲ್ಡರ್ ಅಷ್ಟೇ ಹೆಚ್ಚಾಗುತ್ತದೆ. ಸ್ಟಾಕ್ ರಿಜಿಸ್ಟರ್‌ಗೂ ತಕರಾರಿಲ್ಲ. ಒಟ್ಟು ಸುಮಾರು 400 ಎಂಬಿ: ಕರ್ನಲ್, ಇನಿಟ್ಆರ್‌ಡಿ, ಜೊತೆಗೆ ಎಸ್‌ಎಫ್‌ಎಸ್ ಫೈಲುಗಳು (ಪಪ್ಪಿಯ ಪ್ರೋಗ್ರಾಂಗಳನ್ನೆಲ್ಲ ಒತ್ತಿ ತುಂಬಿದ ಗಂಟುಗಳು). ಮುಖ್ಯ ಎಸ್‌ಎಫ್‌ಎಸ್ ಒಂದನ್ನೇ ಕಾಪಿ ಮಾಡಿದರೂ ಡೆಸ್ಕ್‌ಟಾಪ್ ಬರುತ್ತದೆ, ಎಲ್ಲ ಮುಗಿಯಿತು ಅನ್ನಿಸುತ್ತದೆ. ಆಮೇಲೆ ನೋಡಿದರೆ ಸೌಂಡ್ ಇಲ್ಲ, ನೆಟ್‌ವರ್ಕ್ ಕಾರ್ಡ್ ಇಲ್ಲ. ಡ್ರೈವರ್‌ಗಳು ಝಡ್‌ಡ್ರೈವ್ ಫೈಲಿನಲ್ಲಿವೆ, ಫರ್ಮ್‌ವೇರ್ ಎಫ್‌ಡ್ರೈವ್‌ನಲ್ಲಿ. ಒಂದನ್ನೂ ಬಿಡಬೇಡಿ.

ಬೂಟ್‌ಲೋಡರ್‌ಗೆ (ಆನ್ ಮಾಡಿದಾಗ ಪಪ್ಪಿಯೋ ವಿಂಡೋಸೋ ಎಂದು ಮೆನು ತೋರಿಸುವ ಪ್ರೋಗ್ರಾಂ) ಪಪ್ಪಿಯೊಳಗೇ ಇರುವ ಗ್ರಬ್4ಡಾಸ್ ಕಾನ್ಫಿಗ್ ಸಾಕು. ಡಿಸ್ಕಿನ ಎಂಬಿಆರ್‌ನಲ್ಲಿ (ಅದರ ಮೊಟ್ಟಮೊದಲ ಸೆಕ್ಟರ್) ಕೂತು ವಿಂಡೋಸನ್ನೂ ಮೆನುವಿಗೆ ಸೇರಿಸಿಕೊಳ್ಳುತ್ತದೆ, ವಿಂಡೋಸ್ ಪಾಸ್‌ವರ್ಡ್ ಬೇಕಿಲ್ಲ. ಅದಕ್ಕೆ ಮುಂಚೆ ಡಿಸ್ಕಿನ ಮೊದಲ 63 ಸೆಕ್ಟರ್‌ಗಳನ್ನು ಡಿಡಿ ಕಮಾಂಡಿನಿಂದ ಕಾಪಿ ಮಾಡಿ ಫೈಲಾಗಿ ಎತ್ತಿಡಿ. ಇದೆಲ್ಲ ಹಳೆ ಬಯಾಸ್, ಎಂಬಿಆರ್ ಡಿಸ್ಕ್‌ಗಳಿಗೆ ಮಾತ್ರ. ಹೊಸ ಕಾಲದ ಜಿಪಿಟಿ ಡಿಸ್ಕ್, ಯುಇಎಫ್‌ಐ ಯಂತ್ರದಲ್ಲಿ ಇದನ್ನು ಮಾಡಲು ಹೋಗಬೇಡಿ. ಮೆನುವಿನ ಸಾಲಿನಲ್ಲಿ ಪಿಸಬ್‌ಡಿರ್ ಎಂಬಲ್ಲಿ ಬರೆಯುವ ಹೆಸರೂ ಫೋಲ್ಡರಿನ ಹೆಸರೂ ದೊಡ್ಡಕ್ಷರ ಚಿಕ್ಕಕ್ಷರ ಸಮೇತ ಒಂದೇ ಆಗಿರಬೇಕು. ಇಲ್ಲದಿದ್ದರೆ ಎಸ್‌ಎಫ್‌ಎಸ್ ಸಿಗಲಿಲ್ಲ ಎಂದು ಅಲ್ಲೇ ನಿಲ್ಲುತ್ತದೆ.

ಅದೇ ಸಾಲಿನ ಪಿಮೀಡಿಯಾ ಎಂಬಲ್ಲಿ ಎಲ್ಲರೂ ಹಾರ್ಡ್ ಡಿಸ್ಕಿಗೆ ಎಟಿಎಎಚ್‌ಡಿ ಎಂದು ಬರೆಯುತ್ತಾರೆ. ಕರೆಂಟ್ ನೆಟ್ಟಗಿರುವ ಕಡೆ ಅದು ಸರಿ. ಯುಪಿಎಸ್ ಹೆಸರಿಗೆ ಮಾತ್ರ ಇರುವ ಲ್ಯಾಬಿನಲ್ಲಿ ಎಟಿಎಫ್ಲ್ಯಾಶ್ ವಾಸಿ. ಆಗ ಬದಲಾವಣೆಗಳೆಲ್ಲ ರ‍್ಯಾಮ್‌ನಲ್ಲಿದ್ದು, ಆಗಾಗ ಅಥವಾ ಡೆಸ್ಕ್‌ಟಾಪಿನ ಸೇವ್ ಐಕಾನ್ ಒತ್ತಿದಾಗ ಮಾತ್ರ ಸೇವ್‌ಫೈಲಿಗೆ (ಸೆಟ್ಟಿಂಗ್, ಕೆಲಸ ಎಲ್ಲವನ್ನೂ ಪಪ್ಪಿ ಕೂಡಿಡುವ ಫೈಲು) ಇಳಿಯುತ್ತವೆ. ಬರೆಯುತ್ತಿರುವಾಗಲೇ ಕರೆಂಟ್ ಹೋಗಿ ಸೇವ್‌ಫೈಲ್ ಕೆಡುವುದು ಕಡಿಮೆಯಾಗುತ್ತದೆ. ಇದರ ಬೆಲೆ, ಸೇವ್ ಆಗದ ಕೆಲಸ ಹೋಗುತ್ತದೆ. ಹಾಗಾಗಿ ಮಕ್ಕಳ ಫೈಲುಗಳಿಗೆ ಮೌಂಟ್-ಹೋಮ್‌ನಲ್ಲಿ ಒಂದು ಫೋಲ್ಡರ್ ಮಾಡಿ, ಅದರ ಐಕಾನನ್ನು ಡೆಸ್ಕ್‌ಟಾಪಿಗೆ ಎಳೆದು ಬಿಡುತ್ತೇವೆ. ಅಲ್ಲಿಟ್ಟದ್ದು ನೇರ ಡಿಸ್ಕಿಗೇ ಹೋಗುತ್ತದೆ.

ಮೊದಲ ಶಟ್‌ಡೌನ್‌ನಲ್ಲಿ ಪಪ್ಪಿ ಸೇವ್ ಮಾಡಲೇ ಎಂದು ಕೇಳುತ್ತದೆ. ಬಳಿಕ ಎಲ್ಲಿ, ಎಷ್ಟು ದೊಡ್ಡದು, ಯಾವ ಫೈಲ್‌ಸಿಸ್ಟಮ್, ಎಲ್ಲವೂ ಇಂಗ್ಲಿಷಿನಲ್ಲಿ. ಹೊಸಬರ ಪಾಲಿಗೆ ಇದಕ್ಕಿಂತ ಕೆಟ್ಟ ಪರೀಕ್ಷೆ ಇಲ್ಲ. 512 ಎಂಬಿಯ ಸೇವ್‌ಫೈಲನ್ನು ವರ್ಕ್‌ಶಾಪ್‌ನಲ್ಲೇ ಮಾಡಿ ಕಳಿಸಿ, ಆ ಪ್ರಶ್ನೆಗಳು ಅವರವರೆಗೆ ಹೋಗುವುದೇ ಬೇಡ. ಕನ್ನಡ ಫಾಂಟ್, ಕೀಬೋರ್ಡಿನ ಕಗಪ ವಿನ್ಯಾಸ, ಟೈಮ್‌ಝೋನ್ ಎಲ್ಲವೂ ಅದರೊಳಗೇ ಹೋಗಲಿ.

ಮನೆಗೆ ಒಯ್ಯುವ ಪೆನ್‌ಡ್ರೈವ್‌ಗಳ ಲೆಕ್ಕ ಬೇರೆ. ಅಚ್ಚುಕಟ್ಟಾಗಿರಲಿ ಎಂದು ಮೊದಲು ಎರಡು ಪಾರ್ಟಿಷನ್ ಮಾಡುತ್ತಿದ್ದೆವು: ಬೂಟ್‌ಗೆ ಫ್ಯಾಟ್32, ಸೇವ್‌ಗೆ ಎಕ್ಸ್ಟಿ4. ಅದನ್ನು ವಿಂಡೋಸ್ 10ಕ್ಕೆ ಸಿಕ್ಕಿಸಿದರೆ ಎರಡನೆಯದನ್ನು ಓದಲಾಗದೆ ‘ಫಾರ್ಮ್ಯಾಟ್ ಮಾಡಬೇಕು’ ಎಂಬ ಡಬ್ಬಿ ಎದುರಿಗೆ ಬರುತ್ತದೆ. ಹೊಸಬರು ಆ ಗುಂಡಿ ಒತ್ತುತ್ತಾರೆ, ನೀವಾದರೂ ಒತ್ತುತ್ತಿದ್ದಿರಿ. ಈಗ ಒಂದೇ ಫ್ಯಾಟ್32 ಪಾರ್ಟಿಷನ್, ಅದರೊಳಗೆ ಸೇವ್‌ಫೈಲ್. ಎಂಜಿನಿಯರಿಂಗ್ ದೃಷ್ಟಿಯಿಂದ ಕಳಪೆಯೇ, ಆದರೆ ವಾಪಸ್ ಬರುವ ಪೆನ್‌ಡ್ರೈವ್‌ಗಳು ಕಡಿಮೆಯಾದವು. ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲ ಎಂಬುದಷ್ಟೇ ನೆನಪಿರಲಿ. ಹೊಸ ಯಂತ್ರಗಳಲ್ಲೂ ಓಡಬೇಕೆಂದರೆ ಹಳೆ ಬಯಾಸ್‌ಗೆ ಗ್ರಬ್2 ಹಾಕಿ, ಇಎಫ್‌ಐ ಫೋಲ್ಡರಿನ ಬೂಟ್ ಫೋಲ್ಡರಿನಲ್ಲಿ ಬೂಟ್‌ಎಕ್ಸ್64 ಫೈಲನ್ನೂ ಇಡಬೇಕು. ಅಗ್ಗದ ಡ್ರೈವ್ ಕೊಂಡರೆ ಎಫ್3 (ಡ್ರೈವಿನ ನಿಜವಾದ ಅಳತೆ ಪರೀಕ್ಷಿಸುವ ಪ್ರೋಗ್ರಾಂ, ಕೀಬೋರ್ಡಿನ ಗುಂಡಿಯಲ್ಲ) ಓಡಿಸದೆ ಮುಟ್ಟಬೇಡಿ, 8 ಎಂದು ಅಚ್ಚಾಗಿ ಒಳಗೆ 2 ಇರುವ ಮಾಲು ಬೇಕಾದಷ್ಟಿದೆ. ಆ ದಿನದ ಹದಿನೆಂಟೂ ಅಸಲಿ, ಅದು ಬೇರೆ ಮಾತು.

ಬೂಟ್ ಮೆನುವಿನ ಬಗ್ಗೆ. ಮೂಲ ಮೆನುವಿನ ಉದ್ದದ ಪಟ್ಟಿ ಯಾರಿಗೂ ಬೇಡ. ಮೂರು ಸಾಲು ಸಾಕು: ಮಾಮೂಲು, ಸೇವ್‌ಫೈಲ್ ಬಿಟ್ಟು (ಪಿಫಿಕ್ಸ್‌ನಲ್ಲಿ ರ‍್ಯಾಮ್), ಪರದೆ ಕಪ್ಪಾದರೆ (ನೋಮೋಡ್‌ಸೆಟ್). ಟೈಮ್‌ಔಟ್ 15 ಸೆಕೆಂಡ್. 5 ಇಟ್ಟರೆ ಓದಿ ಮುಗಿಸುವಷ್ಟರಲ್ಲಿ ಹೋಗಿರುತ್ತದೆ, ಹಳೆ ಮಾನಿಟರ್ ಬೆಳಗಲಿಕ್ಕೇ ಮೂರು ಸೆಕೆಂಡ್ ಬೇಕು. ಸಾಲುಗಳನ್ನು ಕನ್ನಡದಲ್ಲೇ ಬರೆಯೋಣ ಎಂದರೆ ಗ್ರಬ್‌ಗೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ, ಅಕ್ಷರಗಳು ಬಿಡಿಬಿಡಿಯಾಗಿ ಉದುರುತ್ತವೆ. ಉಪಾಯ ಇದೆ. ಕನ್ನಡದಲ್ಲಿ ಬರೆದ ಪಿಎನ್‌ಜಿ ಚಿತ್ರವನ್ನು ಹಿನ್ನೆಲೆಯಾಗಿ ಕೊಟ್ಟು, ಮೆನು ಸಾಲುಗಳಲ್ಲಿ ಬರೀ 1, 2, 3 ಇಟ್ಟು, ಅದೇ ಅಂಕಿಗಳನ್ನು ಹಾಟ್‌ಕೀ ಮಾಡುವುದು. 640×480 ಅಳತೆಯಲ್ಲಿ ಚಿತ್ರ ಮಾಡಿ, ಹಳೆ ಮಾನಿಟರ್‌ಗಳಲ್ಲೂ ತಕರಾರಿರುವುದಿಲ್ಲ. ಅಂಕಿ ಒತ್ತಿದರೂ ಮೆನು ಮಿಸುಕದಿದ್ದರೆ ಬಯಾಸ್‌ನಲ್ಲಿ ಯುಎಸ್‌ಬಿ ಲೆಗಸಿ ಸಪೋರ್ಟ್ (ವಿಂಡೋಸ್, ಪಪ್ಪಿ ಬರುವ ಮೊದಲೇ ಯುಎಸ್‌ಬಿ ಕೀಬೋರ್ಡ್ ಕೆಲಸ ಮಾಡಿಸುವ ಸೆಟ್ಟಿಂಗ್) ಆಫ್ ಆಗಿದೆ ಎಂದರ್ಥ. ಅದನ್ನು ಆನ್ ಮಾಡಲು ಹಳೆ ದುಂಡು ಪಿನ್ನಿನ ಪಿಎಸ್2 ಕೀಬೋರ್ಡೇ ಬೇಕು, ಒಂದನ್ನು ಬ್ಯಾಗಿನಲ್ಲಿ ಇಟ್ಟಿರಿ.

32 ಬಿಟ್ ಪಪ್ಪಿ ಏಕೆ ಬೇಡ ಎಂದು ಪ್ರತಿ ಸಲ ಯಾರಾದರೂ ಕೇಳುತ್ತಾರೆ. ರ‍್ಯಾಮ್ ಒಂದಿಷ್ಟು ಉಳಿಯುತ್ತದೆ, ನಿಜ. ಆದರೆ ಕ್ರೋಮ್ 2016ರಲ್ಲೇ 32 ಬಿಟ್ ಲಿನಕ್ಸ್ ಬಿಟ್ಟಿತು, 2025ರ ಡೆಬಿಯನ್ 13ಕ್ಕೆ 32 ಬಿಟ್ ಪಿಸಿಯ ಇನ್‌ಸ್ಟಾಲರೇ ಇಲ್ಲ. ಪ್ರೊಸೆಸರ್ 64 ಬಿಟ್ ಆಗಿದ್ದರೆ 64ನ್ನೇ ಹಾಕಿ.

ಅಂದು ಹನ್ನೊಂದೂ ಯಂತ್ರಗಳಲ್ಲಿ ಕೈಯಿಂದಲೇ ಬಯಾಸ್‌ಗೆ ಹೋಗಿ ಆರ್ಡರ್ ಬದಲಿಸಿ, ಹತ್ತು ಐವತ್ತಕ್ಕೆ ಉದ್ಘಾಟನೆ ಆಯಿತು. ಮೇನ್ ಸ್ವಿಚ್ ಮೇಲೆ ‘ಆಫ್ ಮಾಡಬೇಡಿ’ ಎಂಬ ಚೀಟಿ. ಮೂರು ದಿನ ಬಿಟ್ಟು ಶೆಲ್‌ಗಳ ಪೊಟ್ಟಣ ಹಿಡಿದು ಹೋಗಿ ಹದಿನೆಂಟಕ್ಕೂ ಹಾಕಿ, ಚೀಟಿ ಕಿತ್ತು ಬಂದೆವು. ಅದರ ಬಿಲ್ಲು ಇನ್ನೂ ಪಾಸಾಗಿಲ್ಲ. ‘ಬ್ಯಾಟರಿ’ ಹೆಡ್ ಯುಪಿಎಸ್‌ಗೆ ಮಾತ್ರವಂತೆ, ಸ್ಟೇಷನರಿಯಲ್ಲಿ ತೋರಿಸಿ ಮತ್ತೆ ಕಳಿಸಿ ಎಂದಿದ್ದಾರೆ.