ಲೋ, ಇದೂ ಭ್ರಮೆ ಕಣೋ

ನಿನ್ನೆ ರಾತ್ರಿ ಸುಮ್ನೆ ಒಂದು ಪುಟ ಅಂತ ‘ದಿ ಆರ್ಡರ್ ಆಫ್ ದಿ ಸ್ಟಿಕ್’ ಮತ್ತೆ ತೆರೆದೆ. ಮಲಗುವಾಗ ಗಂಟೆ ಎರಡು. ರಿಚ್ ಬರ್ಲ್ಯೂ 2003ರಲ್ಲಿ ಶುರು ಮಾಡಿದ ವೆಬ್‌ಕಾಮಿಕ್ (ಇಂಟರ್ನೆಟ್‌ನಲ್ಲಿ ಬರುವ ಚಿತ್ರಕಥೆ) ಇದು, ಒಂದು ಸಾಹಸಿಗರ ತಂಡದ ಕಥೆ. ಎಲ್ಲರೂ ಕಡ್ಡಿ ಗೊಂಬೆಗಳು, ಮುಖಕ್ಕೆ ಮೂಗು ಕೂಡ ಇಲ್ಲ. ಆದರೂ ಅಜೂರ್ ಸಿಟಿ ಎಂಬ ನಗರ ಶತ್ರುಗಳ ವಶವಾಗಿ ತಂಡ ದಿಕ್ಕಾಪಾಲಾದ ಮೇಲೆ, ಸತ್ತ ನಾಯಕ ರಾಯ್‌ನ ಹೆಣವನ್ನು ತಂಡದ ಹೇಲಿ ಬಿಡದೆ ಕಾಪಾಡುವ ಪುಟಗಳಲ್ಲಿ ಗಂಟಲು ಕಟ್ಟುತ್ತದೆ. ಅವರು ಮತ್ತೆ ಸೇರುವುದನ್ನು ನೋಡಲು ನೂರಕ್ಕೂ ಜಾಸ್ತಿ ಪುಟ ಕಾಯಬೇಕು!

ಆಮೇಲೆ ಬರುತ್ತದೆ ಮಾಯಾವಿ ಗಿರಾರ್ಡ್‌ನ ಪಿರಮಿಡ್. ಗೆದ್ದರು, ಎಲ್ಲ ಸುಖವಾಯಿತು ಅಂತ ನಾನೂ ನಂಬಿಬಿಟ್ಟಿದ್ದೆ. ನೋಡಿದರೆ ಅಷ್ಟೂ ಭ್ರಮೆ, ಗಿರಾರ್ಡ್ ಒಡ್ಡಿದ ಬಲೆ. ಅದನ್ನು ಪತ್ತೆ ಹಚ್ಚಿದ್ದು ಯಾರು? ತಂಡದ ಪೆದ್ದ ಎಲಾನ್. ಬೇರೆಯಾಗಿದ್ದ ಅಪ್ಪ ಅಮ್ಮ ಒಟ್ಟಿಗೆ ಖುಷಿಯಾಗಿರುವುದೇ ಅವನಿಗೆ ಅನುಮಾನ ತಂದದ್ದು. ಪಾಪ ಅಲ್ವಾ?

ಮೊದಲ ಸಲ ಇದನ್ನು ಓದಿದಂದಿನಿಂದ ನನಗೂ ಗೆಳೆಯನಿಗೂ ಅದೇ ರೋಗ. ಕಥೆಯಲ್ಲಿ ಯಾರಾದರೂ ಸ್ವಲ್ಪ ನೆಮ್ಮದಿಯಾಗಿ ಕೂತರೆ ಸಾಕು, ಮೆಸೇಜ್ ಬರುತ್ತದೆ: “ಲೋ, ಇದೂ ಭ್ರಮೆ ಕಣೋ.” ಮೊನ್ನೆ ಸಂಜೆ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು ಅಂತ ಅವನಿಗೆ ಹೇಳಿದೆ. ಅದಕ್ಕೂ ಅದೇ ಉತ್ತರ.