ವೆಲ್ಸ್‌ನಲ್ಲಿ ಕಾಲು ಗಂಟೆ

ಮಗನ ಮನೆ ಇರುವುದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. ಹೋದ ಬೇಸಿಗೆಯಲ್ಲಿ ಅಲ್ಲಿದ್ದಾಗ ಒಂದು ದಿನ ನಾನು, ನಮ್ಮನೆಯವರು ಇಬ್ಬರೇ ವೆಲ್ಸ್ ನೋಡಿಕೊಂಡು ಬಂದೆವು. ಫೋನಿನಲ್ಲಿ ಹೇಳಿದರೆ ತಂಗಿ, "ಹೌದಾ, ವೇಲ್ಸ್‌ಗೆ ಹೋಗಿದ್ರಾ?" ಅಂದಳು. ವೇಲ್ಸ್ ಅಲ್ಲ ಮಾರಾಯ್ತಿ, ವೆಲ್ಸ್. ಸಾಮರ್‌ಸೆಟ್‌ನ ಪುಟ್ಟ ಊರು. ಹೆಸರಿನ ಅರ್ಥವೇ ಬಾವಿಗಳು. ಬಿಷಪ್ಪರ ಅರಮನೆಯ ತೋಟದಲ್ಲಿ ಈಗಲೂ ಬುಗ್ಗೆಗಳಿವೆ. ಆ ನೀರು ಪೇಟೆ ಬೀದಿಯ ಅಂಚಿನ ಸಣ್ಣ ಕಾಲುವೆಯಲ್ಲಿ ಜುಳುಜುಳು ಹರಿಯುತ್ತದೆ.

ರೈಲು 1960ರ ದಶಕದಲ್ಲೇ ನಿಂತುಹೋಗಿದೆ. ಮೆಂಡಿಪ್ ಗುಡ್ಡ ಹತ್ತಿ ಇಳಿಯುವ ಬಸ್ಸೇ ಗತಿ. ಇಳಿದು ನೋಡಿದರೆ ನಮ್ಮ ಹೋಬಳಿ ಊರಿನಷ್ಟೂ ಇಲ್ಲ, ಆದರೂ ಇದಕ್ಕೆ ನಗರದ ಪಟ್ಟ! ಎಲ್ಲಾ ಕೆಥೆಡ್ರಲ್, ಅಂದರೆ ಬಿಷಪ್ಪರ ದೊಡ್ಡ ಚರ್ಚಿನ ಮಹಿಮೆ.

ನನಗೆ ಬೇಕಿದ್ದದ್ದು ಒಂದೇ, ಒಳಗಿನ ಗಡಿಯಾರ. ಕಾಲು ಗಂಟೆಗೊಮ್ಮೆ ಅದರ ಮೇಲೆ ಕುದುರೆ ಸವಾರರು ಕಾದಾಡುತ್ತಾರೆ ಅಂತ ಮಗ ಹೇಳಿದ್ದ. ಹನ್ನೊಂದಕ್ಕೆ ಐದು ನಿಮಿಷವಿತ್ತು. ಆದರೆ ಒಳಗೆ ಕಾಲಿಡುತ್ತಲೇ ನಮ್ಮನೆಯವರು ಕಂಬದ ಹಾಗೆ ನಿಂತುಬಿಟ್ಟರು.

ಮೂವತ್ತು ವರ್ಷ ಪಿಡಬ್ಲ್ಯುಡಿಯಲ್ಲಿ ಇಂಜಿನಿಯರ್ ಆಗಿದ್ದವರು. ಎದುರಿಗೆ ಒಂದು ಕಮಾನು, ಅದರ ತಲೆಯ ಮೇಲೆ ತಲೆಕೆಳಗಾದ ಇನ್ನೊಂದು ಕಮಾನು. ತೆರೆದ ಕತ್ತರಿಯ ಹಾಗೆ. 1313ರ ನಂತರ ನಡುವಿನ ಗೋಪುರವನ್ನು ಎತ್ತರಿಸಿ, ಮೇಲೊಂದು ಶಿಖರ ಕೂರಿಸಿದ್ದರಂತೆ. ಬುಡ ಕುಸಿಯಿತು, ಬಿರುಕು ಬಿಟ್ಟಿತು. ವಿಲಿಯಂ ಜಾಯ್ ಎಂಬ ಶಿಲ್ಪಿ 1338ರಿಂದ ಹತ್ತು ವರ್ಷದಲ್ಲಿ ಗೋಪುರದ ಮೂರು ದಿಕ್ಕಿಗೂ ಈ ಕತ್ತರಿ ಕಮಾನು ಕಟ್ಟಿ ಬೀಳದಂತೆ ಹಿಡಿದ.

"ಸೆಟಲ್‌ಮೆಂಟ್ ಕಣೇ ಇದು, ಭಾರಕ್ಕೆ ನೆಲ ಕೂರೋದು! ಕಂಪ್ಯೂಟರ್ ಇಲ್ಲ, ಸಿಮೆಂಟ್ ಇಲ್ಲ. ಹೇಗೆ ಲೆಕ್ಕ ಹಾಕಿದ ಅಂತೀಯ?"

"ರೀ, ಗಡಿಯಾರ!"

ಓಡಿದೆವು. ಸವಾರರು ಆಗಲೇ ಸುಮ್ಮನಾಗಿದ್ದರು.

ಇನ್ನೂ ಹದಿನೈದು ನಿಮಿಷ ಇದೆಯಲ್ಲ ಅಂತ ಪಕ್ಕದಲ್ಲೇ ಇರುವ ಚಾಪ್ಟರ್ ಹೌಸಿನ, ಅಂದರೆ ಪಾದ್ರಿಗಳ ಸಭಾಕೋಣೆಯ ಮೆಟ್ಟಿಲು ಹತ್ತಿದೆವು. ಏಳು ಶತಮಾನದ ಕಾಲು ಬಿದ್ದು ಕಲ್ಲು ಅಲೆ ಅಲೆಯಾಗಿ ಸವೆದಿದೆ. ನನ್ನ ಮಂಡಿಯೂ ಹಾಗೇ ಸವೆದಿರುವುದರಿಂದ ಒಂದೊಂದೇ ಮೆಟ್ಟಿಲು. ಮೇಲೆ ಎಂಟು ಮೂಲೆಯ ಕೋಣೆ, ನಡುವೆ ಒಂದೇ ಕಂಬ. ಅದರಿಂದ 32 ಕಲ್ಲಿನ ಪಟ್ಟಿಗಳು ತೆಂಗಿನ ಗರಿ ಬಿಚ್ಚಿದಂತೆ ಚಾವಣಿಗೆ ಹರಡಿವೆ. ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಾಗ ಕೆಳಗೆ ಟಿಣ್ ಟಿಣ್. ಮತ್ತೆ ಹೋಯಿತು.

ಮೂರನೇ ಸಲ ನಾನು ಜಗ್ಗಲೇ ಇಲ್ಲ. ಗಡಿಯಾರದ ಮುಂದೆಯೇ ನಿಂತೆ. ಸುಮಾರು 1390ರದ್ದು. ಭೂಮಿ ನಡುವೆ, ಸೂರ್ಯ ಸುತ್ತುವವನು. ಆ ಕಾಲದ ನಂಬಿಕೆ ಅದು. ಮುಖದಲ್ಲಿ 12 ಅಲ್ಲ, 24 ಗಂಟೆ. ಹನ್ನೊಂದೂವರೆ ಆಯಿತು. ಮೇಲೆ ಮೂಲೆಯಲ್ಲಿ ಕೂತ ಜ್ಯಾಕ್ ಬ್ಲಾಂಡಿಫರ್ಸ್ ಎಂಬ ಮರದ ಆಸಾಮಿ ಹಿಮ್ಮಡಿಯಿಂದ ಗಂಟೆಗಳನ್ನು ಒದ್ದ. ಕಾಲು ಗಂಟೆಯ ಲೆಕ್ಕ, ಗಂಟೆಗೂ ಕಾಲಲ್ಲೇ ಒದೆ! ಇದರ ತಮಾಷೆ ಅಲ್ಲಿ ನಮ್ಮಿಬ್ಬರಿಗೇ ಗೊತ್ತು. ಸವಾರರು ಗರಗರ ತಿರುಗಿದರು. ಒಬ್ಬ ಏಟು ತಿಂದು ಕುದುರೆ ಮೇಲೇ ಅಂಗಾತ ಬಿದ್ದ. ಪ್ರತಿ ಸಲವೂ ಬೀಳುವವನು ಅವನೇ ಅಂತೆ.

ಹೊರಗೆ ಹುಲ್ಲಿನ ಮೇಲೆ ಕೂತು ಕಟ್ಟಿಕೊಂಡು ಬಂದಿದ್ದ ಚಪಾತಿ, ಪಲ್ಯ ತಿಂದೆವು. ಆಮೇಲೆ ವಿಕಾರ್ಸ್ ಕ್ಲೋಸ್. ಕೆಥೆಡ್ರಲ್‌ನಲ್ಲಿ ಹಾಡುವವರಿಗಾಗಿ ಬಿಷಪ್ ರಾಲ್ಫ್ 14ನೇ ಶತಮಾನದಲ್ಲಿ ಕಟ್ಟಿಸಿದ ಬೀದಿ. ಪಟ್ಟಣದ ಚಪಲ ಹತ್ತದಿರಲಿ ಅಂತ ಎಲ್ಲರನ್ನೂ ಒಂದೇ ಕಡೆ ಇಟ್ಟಿದ್ದು. ಮುಂದೆ ಚಾಪ್ಟರ್ ಹೌಸಿನ ಮೆಟ್ಟಿಲಿಂದಲೇ ಅವರಿಗೊಂದು ಸೇತುವೆಯೂ ಆಯಿತು, ರಸ್ತೆಗೆ ಇಳಿಯುವ ಹಾಗೇ ಇಲ್ಲ. ನಮ್ಮ ಹಾಸ್ಟೆಲ್ ವಾರ್ಡನ್‌ಗೂ ಇಷ್ಟು ತಲೆ ಓಡಿರಲಿಲ್ಲ. ಬೀದಿ ಹೋಗುತ್ತಾ ಕಿರಿದಾಗುವುದರಿಂದ ಇರುವುದಕ್ಕಿಂತ ಉದ್ದ ಕಾಣುತ್ತದೆ. ಆ ತುದಿಯಿಂದ ತಿರುಗಿ ನೋಡಿದರೆ ಗಿಡ್ಡ!

ಅರಮನೆ ಕಂದಕದ ಹಂಸಗಳು ಹಸಿವಾದರೆ ಹಗ್ಗ ಎಳೆದು ಗಂಟೆ ಬಾರಿಸುತ್ತವೆ ಅಂತ ಪ್ರಸಿದ್ಧಿ. ನಾವು ಹೋದಾಗ ಕೊಕ್ಕನ್ನು ರೆಕ್ಕೆಯೊಳಗೆ ಸಿಕ್ಕಿಸಿಕೊಂಡು ನಿದ್ದೆ ಹೊಡೆಯುತ್ತಿದ್ದವು. ಊಟ ಆಗಿತ್ತೇನೋ.

ನಾಲ್ಕಕ್ಕೆ ಬಸ್ ಹಿಡಿಯೋಣ ಅಂದರೆ ಇವರು, "ಇನ್ನೊಂದು ಸಲ ನೋಡೋಣ, ಈ ಬಾರಿ ಬೇರೆಯವನು ಬೀಳಬಹುದು" ಅಂದರು. ಗಡಿಯಾರವಲ್ಲ, ಕಮಾನು ನೋಡುವ ನೆಪ ಅಂತ ಗೊತ್ತಿದ್ದೂ ಹೋದೆ. ಅವನೇ ಬಿದ್ದ. ಬಸ್ಸೂ ಹೋಯಿತು.

ಮಾರುಕಟ್ಟೆ ಚೌಕಕ್ಕೆ ಬಂದು ಕೂತೆವು. ಅಲ್ಲಿ ನೆಲದಲ್ಲಿ 6.76 ಮೀಟರಿನ ಗುರುತಿದೆ. ಇದೇ ಊರಿನ ಮೇರಿ ರ್‍ಯಾಂಡ್ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಉದ್ದ ಜಿಗಿತದ ಚಿನ್ನ ಗೆದ್ದಾಗ ಹಾರಿದ ದೂರ. ಇವರು ಎದ್ದು, ಹಿಮ್ಮಡಿಗೆ ಬೆರಳು ತಾಗಿಸುತ್ತಾ ಅಳೆಯತೊಡಗಿದರು. ಇಪ್ಪತ್ತನಾಲ್ಕು ಪಾದ. ನಂಬಿಕೆ ಬರಲಿಲ್ಲ, ಆ ಕಡೆಯಿಂದ ಮತ್ತೆ ಶುರು ಮಾಡಿದರು.